ನನ್ನನ್ನು ತೆಗೆದು ನೋಡಿದ ತಿಂಗಳು

ಜನವರಿ ೯

ಸಣ್ಣೀ,

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಅಂತ ಬರೆಯಬೇಕಂತೆ. ನನ್ನ ಮೊಣಕಾಲು ಚೆನ್ನಾಗಿಲ್ಲ. ಉಳಿದದ್ದು ನಡೆಯುತ್ತಿದೆ. ಫೋನ್ ಮಾಡಲಿಲ್ಲ ಯಾಕೆಂದರೆ ಫೋನಿನಲ್ಲಿ ಎರಡನೆಯ ಮಾತಿಗೆ ನಾನು ಕಿರುಚುತ್ತೇನೆ, ಮೂರನೆಯ ಮಾತಿಗೆ ನೀನು ಇಟ್ಟುಬಿಡುತ್ತೀಯ. ಕಾಗದದಲ್ಲಾದರೆ ನಾನು ಹೇಳಿ ಮುಗಿಸುವವರೆಗೂ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಿನ್ನನ್ನು ಟಿವಿಯಲ್ಲಿ ನೋಡಿದೆ. ನಾನಾಗಿ ನೋಡಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದೆ. ನಿನ್ನ ಭಾವ ಮನೆಗೆ ಬೆಂಕಿ ಬಿದ್ದವರ ಹಾಗೆ ಕೂಗಿಕೊಂಡರು, "ಬಾರೇ, ಬೇಗ ಬಾರೇ, ನಿನ್ ತಂಗಿ ಬಂದಿದಾಳೆ!" ನಾನು ಬಾಗಿಲು ತೆಗೆಯಲು ಓಡಿದೆ. ಬಾಗಿಲಲ್ಲಿ ಯಾರೂ ಇಲ್ಲ. ತಿರುಗಿ ನೋಡಿದರೆ ನೀನು ಟಿವಿಯೊಳಗೆ ಕೂತಿದ್ದೀಯ, ಹಿಂದೆ ದೊಡ್ಡ ಪರದೆ, ಪರದೆಯ ತುಂಬ ಇರುವೆ ಮುತ್ತಿದ ಹಾಗೆ ಬಾಣಗಳು. ಕೆಳಗೆ "ಉಪಗ್ರಹ ಗಾಳಿ ವಿಭಾಗದ ಮುಖ್ಯಸ್ಥೆ" ಅಂತ ಬರೆದಿತ್ತು. ಅಷ್ಟರಲ್ಲಿ ಹಾಲು ಉಕ್ಕಿತು.

ನೀನು ಏನಂದೆ ನೆನಪಿದೆಯೋ ಇಲ್ಲವೋ. ನನಗಿದೆ. "ಮೊದಲೆಲ್ಲ ಮೇಲಿನ ಗಾಳಿ ತಿಳಿಯೋಕೆ ಬಲೂನು ಬಿಟ್ಟು ಕತ್ತೆತ್ತಿ ಕಾಯ್ಬೇಕಿತ್ತು" ಅಂದೆ. ಅಂದು ನಕ್ಕೆ. ಸಂದರ್ಶನ ಮಾಡುವವನೂ ನಕ್ಕ. ನಿನ್ನ ಭಾವನೂ ನಕ್ಕರು. ಆಮೇಲೆ ನನ್ನ ಮುಖ ನೋಡಿ, ಕೆಮ್ಮು ಬಂದವರ ಹಾಗೆ ಮಾಡಿದರು.

ಮೊದಲೆಲ್ಲ ಅಂದರೆ ಯಾವಾಗ ಸಣ್ಣೀ? ನಾನು ಇವತ್ತು ಸಂಜೆಯೂ ಬಿಟ್ಟು ಬಂದಿದ್ದೇನೆ. ವಿಮಾನದ ಮೈದಾನದ ಮೂಲೆಯಲ್ಲಿ ಅದೇ ಗ್ಯಾಸ್ ಶೆಡ್ಡು, ಮೂರು ಕಾಲಿನ ಮೇಲೆ ಕೂತ ಅದೇ ದುರ್ಬೀನು. ಸಿಲಿಂಡರಣ್ಣ ಗ್ಯಾಸು ತುಂಬುತ್ತಾನೆ, ನಾನು ಬಲೂನಿನ ಕುತ್ತಿಗೆ ಕಟ್ಟಿ ಬಿಡುತ್ತೇನೆ. ಅವನು ಗಡಿಯಾರ ನೋಡಿ ನಿಮಿಷಕ್ಕೊಮ್ಮೆ "ಹೇಳಮ್ಮಾ!" ಅಂತ ಕೂಗುತ್ತಾನೆ. ನಾನು ದುರ್ಬೀನಿನಲ್ಲಿ ಬಲೂನು ಎಷ್ಟು ಮೇಲಿದೆ, ಎಷ್ಟು ಪಕ್ಕಕ್ಕಿದೆ ಅಂತ ಹೇಳುತ್ತೇನೆ. ಕತ್ತೆತ್ತಿ ಕಾಯುವ ಕೆಲಸವೇ. ನಗು ಬರುವಂಥದ್ದೇನೂ ನನಗೆ ಕಂಡಿಲ್ಲ.

ನಿನ್ನ ಭಾವ ಪತ್ರಿಕೆಯಲ್ಲಿ ಬಂದ ನಿನ್ನ ಫೋಟೋ ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದಾರೆ. ಮದುವೆಯಾದಾಗಿನಿಂದ ನನ್ನ ಫೋಟೋ ಆ ಮನುಷ್ಯ ಎಲ್ಲಿಯೂ ಅಂಟಿಸಿಲ್ಲ. ಕೇಳಿದರೆ "ನೀನು ದಿನಾ ಕಾಣ್ತೀಯಲ್ಲ" ಅಂತಾರೆ.

ದೊಡ್ಡ ಹುದ್ದೆ ಸಿಕ್ಕಿತು. ಒಳ್ಳೆಯದಾಯಿತು.

ಅಕ್ಕ


ಜನವರಿ ೨೬

ಅಕ್ಕಾ,

ನಿನ್ನನ್ನು ನೋಡಿ ನಗಲಿಲ್ಲ ಕಣೇ. ಕ್ಯಾಮೆರಾ ಮುಂದೆ ಏನು ಹೇಳಬೇಕೋ ತಿಳಿಯದೆ ಬಾಯಿಗೆ ಬಂದದ್ದು ಹೇಳಿ ನಕ್ಕುಬಿಟ್ಟೆ. ಭಾವನಿಗೆ ಫೋಟೋ ತೆಗೆಯಲು ಹೇಳು, ಅದರಲ್ಲಿ ನನ್ನ ಮೂಗು ದಪ್ಪ ಬಂದಿದೆ.

ನಾನು ಏನು ಮಾಡುತ್ತೇನೆ ಅಂತ ಒಂದು ಸಲವಾದರೂ ನೀನು ಕೇಳಿಲ್ಲ. ಕೇಳದೆಯೇ ಹೇಳುತ್ತೇನೆ. ಉಪಗ್ರಹ ಸ್ವಲ್ಪ ಸ್ವಲ್ಪ ಹೊತ್ತಿಗೆ ಭೂಮಿಯ ಚಿತ್ರ ತೆಗೆಯುತ್ತದೆ. ಒಂದು ಚಿತ್ರದಲ್ಲಿ ಇಲ್ಲಿದ್ದ ಮೋಡದ ತುಣುಕು ಮುಂದಿನ ಚಿತ್ರದಲ್ಲಿ ಅಲ್ಲಿರುತ್ತದೆ. ಎತ್ತ ಹೋಯಿತು, ಎಷ್ಟು ದೂರ ಹೋಯಿತು ಅಂತ ಕಂಪ್ಯೂಟರು ಲೆಕ್ಕ ಹಾಕಿ ಒಂದು ಬಾಣ ಬರೆಯುತ್ತದೆ. ಆ ಬಾಣವೇ ಅಲ್ಲಿನ ಗಾಳಿ. ನಡುಸಮುದ್ರದಲ್ಲಿ ಬಲೂನು ಬಿಡುವವರು ಯಾರಿದ್ದಾರೆ ಹೇಳು? ಅಲ್ಲಿಯೂ ನಮಗೆ ಬಾಣ ಸಿಗುತ್ತದೆ. ಎಲ್ಲವನ್ನೂ ಮಾಡೆಲ್ ಅನ್ನುವ ದೊಡ್ಡ ಲೆಕ್ಕಕ್ಕೆ ಉಣಿಸುತ್ತೇವೆ. ನಾಳೆ ಗಾಳಿ ಹೇಗಿರುತ್ತದೆ, ಮಳೆ ಎಲ್ಲಿ ಬೀಳುತ್ತದೆ ಅಂತ ಹೇಳುವುದು ಅದು.

ಅದಕ್ಕೂ ಕೊರತೆಯಿದೆ. ಮೋಡ ಓಡಿದ್ದು ಕಾಣುತ್ತದೆ, ಅದು ಎಷ್ಟು ಎತ್ತರದಲ್ಲಿದೆ ಅಂತ ಸರಿಯಾಗಿ ತಿಳಿಯುವುದಿಲ್ಲ. ಮೋಡ ಎಷ್ಟು ತಣ್ಣಗಿದೆ ಅಂತ ನೋಡಿ ಎತ್ತರ ಊಹಿಸುತ್ತೇವೆ. ತೆಳುಮೋಡವಾದರೆ ಊಹೆ ಕೆಡುತ್ತದೆ, ಮೇಲಿನ ಗಾಳಿಯನ್ನು ಕೆಳಗಿನದು ಅಂತ ಬರೆದುಬಿಡುತ್ತೇವೆ. ಆಗ ಬಲೂನಿನ ಲೆಕ್ಕ ಇಟ್ಟುಕೊಂಡು ತಿದ್ದುತ್ತೇವೆ. ನಿನ್ನದೂ ಸೇರಿ.

ಒಂದು ಸಲ ಬಾ, ತೋರಿಸುತ್ತೇನೆ.

ನಿನ್ನ ಸಣ್ಣಿ


ಫೆಬ್ರವರಿ ೧೫

ಸಣ್ಣೀ,

ನಿನ್ನ ಕಾಗದ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೆಯ ಸಲ ಅರ್ಥವಾಯಿತು, ಆಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ತಾನು ನೋಡಿದ್ದು ಎಷ್ಟು ಎತ್ತರದಲ್ಲಿದೆ ಅಂತಲೇ ಗೊತ್ತಿಲ್ಲದ ಆ ನಿಮ್ಮ ಉಪಗ್ರಹದಮ್ಮನನ್ನು ಅಷ್ಟು ಎತ್ತರದಲ್ಲಿ ಯಾಕೆ ಕೂರಿಸಿದಿರಿ? ನನ್ನ ಬಲೂನು ನಿಮಿಷಕ್ಕೆ ಎಷ್ಟು ಏರುತ್ತದೆ ಅಂತ ನನಗೆ ಗೊತ್ತು. ಇಷ್ಟು ನಿಮಿಷ ಆಯಿತು ಅಂದರೆ ಇಷ್ಟು ಎತ್ತರ. ಊಹೆಗೀಹೆ ಇಲ್ಲ.

ಇನ್ನು ಬಲೂನಿನ ಲೆಕ್ಕದಿಂದ ತಿದ್ದುವ ಮಾತು. ಅಂದರೆ ಸವತಿ ಮೆರವಣಿಗೆ ಹೋಗುತ್ತಾಳೆ, ನಾನು ಅವಳ ತಲೆ ಬಾಚಿ ಜಡೆ ಹಾಕಿ ಕಳಿಸಬೇಕು. ಟಿವಿಯಲ್ಲಿ ಅವಳ ಜಡೆ ಚೆಂದ ಅಂತಾರೆ. ಬಾಚಿದ್ದು ಯಾರು ಅಂತ ಯಾರು ಕೇಳಿದರು? ಸಿಲಿಂಡರಣ್ಣನಿಗೆ ಇದನ್ನು ಹೇಳಿದೆ. ಅವನು "ನಿಮಗೆ ಉಪಗ್ರಹದ ಮೇಲೆ ಹೊಟ್ಟೆಕಿಚ್ಚಾ ಅಮ್ಮಾ? ಅದಕ್ಕೆ ಹೊಟ್ಟೆನೂ ಇಲ್ಲ ಕಿಚ್ಚೂ ಇಲ್ಲ" ಅಂದ. ಅವನಿಗೆ ಆ ದಿನ ಟೀ ಕೊಡಲಿಲ್ಲ.

ಇನ್ನೊಂದು ತಮಾಷೆ ನೋಡು. ಮೋಡ ಬಂದರೆ ನನ್ನ ಬಲೂನು ಅದರೊಳಗೆ ಹೊಕ್ಕು ಮಾಯವಾಗುತ್ತದೆ, ದುರ್ಬೀನಿಗೆ ಸಿಗುವುದಿಲ್ಲ, ನನ್ನ ಆ ದಿನದ ಕೆಲಸ ಮಣ್ಣುಪಾಲು. ನನಗೆ ಮೋಡ ಅಂದರೆ ಶನಿ. ನಿನಗೆ ಅದೇ ಅನ್ನ ಹಾಕುತ್ತಿದೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಆಕಾಶವನ್ನೂ ಹೀಗೆ ಪಾಲು ಮಾಡಿಕೊಟ್ಟವರು ಯಾರೋ.

ನಮ್ಮ ಸಾಹೇಬರು ಮೊನ್ನೆ ಕರೆದು ಕೂರಿಸಿದರು. ಅವರು ಕೂರಿಸಿದರೆ ಕೆಟ್ಟ ಸುದ್ದಿ ಅಂತಲೇ ಅರ್ಥ. "ಮೇಲಿಂದ ಮಾತು ಬಂದಿದೆ ಕಣಮ್ಮಾ. ಬೆಳಗಿನ ಬಲೂನು ಇರುತ್ತೆ. ಸಂಜೇದು ಬೇಕಾ ಬೇಡ್ವಾ ಅಂತ ಯೋಚಿಸ್ತಿದಾರಂತೆ" ಅಂದರು. ನಾನು ಬೇಕು ಅಂದೆ. "ನೀವು ಬೇಕು ಅಂದ್ರೆ ಆಗಲ್ಲಮ್ಮ" ಅಂದರು. ಬೆಳಗಿನ ಪಾಳಿ ಆ ಹೊಸ ಹುಡುಗಿಯದು. ಸಂಜೆಯದು ನನ್ನದು. ಸಂಜೆಯದು ಹೋದರೆ ನನ್ನನ್ನು ಒಳಗೆ ಕೂರಿಸಿ ಕಡತಕ್ಕೆ ದಾರ ಕಟ್ಟಿಸುತ್ತಾರೆ.

ಮೇಲಿಂದ ಅಂದರೆ ನೀವೇ ತಾನೆ? ನಾನು ಏನನ್ನೂ ಕೇಳುತ್ತಿಲ್ಲ. ಗೊತ್ತಿರಲಿ ಅಂತ ಬರೆದೆ.

ಅಕ್ಕ


ಮಾರ್ಚ್ ೧೧

ಅಕ್ಕಾ,

ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನನ್ನಿಂದಲೇ ತಿಳಿದುಕೊ.

ಯಾವ ಅಳತೆ ಬೇಕು, ಯಾವುದು ಬೇಡ ಅಂತ ತೀರ್ಮಾನಿಸಲು ನಮ್ಮಲ್ಲಿ ಒಂದು ಪದ್ಧತಿಯಿದೆ. ಅದನ್ನು ಲೆಕ್ಕದಿಂದ ತೆಗೆದುಹಾಕಿ, ಮುನ್ಸೂಚನೆ ಎಷ್ಟು ಕೆಡುತ್ತದೆ ಅಂತ ನೋಡುತ್ತೇವೆ. ತುಂಬ ಕೆಟ್ಟರೆ ಅದು ಬೇಕೇ ಬೇಕು. ಕೆಡದಿದ್ದರೆ ಇಲ್ಲದೆಯೂ ನಡೆಯುತ್ತದೆ ಅಂತ ಅರ್ಥ. ಜನವರಿ ಪೂರ್ತಿ ಕೆಲವು ಊರುಗಳ ಸಂಜೆಯ ಬಲೂನನ್ನು ಹಾಗೆ ತೆಗೆದು ನೋಡಿದೆವು. ಅದರಲ್ಲಿ ನಿನ್ನದೂ ಇತ್ತು.

ಫಲಿತಾಂಶ ಇನ್ನೂ ಸಮಿತಿಗೆ ಹೋಗಿಲ್ಲ.

ಸಣ್ಣಿ


ಮಾರ್ಚ್ ೧೯

ಏನೆಂದು ಕರೆಯಲಿ ನಿನ್ನನ್ನು,

ಜನವರಿ ಪೂರ್ತಿ ಅಂದೆಯಲ್ಲ. ಆ ಜನವರಿಯಲ್ಲಿ ಏನೇನಾಯಿತು ಕೇಳು. ಒಂದು ದಿನ ಗಾಳಿ ಎಷ್ಟು ಜೋರಿತ್ತೆಂದರೆ ಬಲೂನು ಶೆಡ್ಡಿನ ಬಾಗಿಲಲ್ಲೇ ಮೊಳೆಗೆ ತಾಗಿ ಒಡೆಯಿತು. ಇನ್ನೊಂದು ತುಂಬಿದೆವು, ಅದೂ ಒಡೆಯಿತು. ಮೂರನೆಯದನ್ನು ನನ್ನ ಸೆರಗಿನಲ್ಲಿ ಕೂಸಿನ ಹಾಗೆ ಮುಚ್ಚಿಕೊಂಡು ಬಯಲಿಗೆ ತಂದು ಬಿಟ್ಟೆ. ಇನ್ನೊಂದು ವಾರ ಜ್ವರ. ನಿನ್ನ ಭಾವ ಬಾಗಿಲಿಗೆ ಅಡ್ಡ ನಿಂತು "ಒಂದಿನ ಗಾಳಿ ನೋಡದಿದ್ರೆ ಗಾಳಿ ನಿಂತ್ಹೋಗುತ್ತಾ?" ಅಂದರು. ತಳ್ಳಿ ಹೋದೆ. ಸಿಲಿಂಡರಣ್ಣ ತನ್ನ ಕೋಟು ಹೊದಿಸಿದ. ನಡುಗುವ ಕಣ್ಣಿಗೆ ದುರ್ಬೀನು ಒತ್ತಿಕೊಂಡು ಹೇಳಿದ ಅಂಕಿ ಅವು. ನೀನು ನನಗೆ "ನಿನ್ನದೂ ಸೇರಿ" ಅಂತ ಬೆಲ್ಲ ಸವರಿ ಕಾಗದ ಬರೆದದ್ದೂ ಅದೇ ಜನವರಿಯಲ್ಲಿ. ಅಂಕಿ ಬರುತ್ತಿದ್ದವು, ನೀನು ಆಚೆ ಸುರಿಯುತ್ತಿದ್ದೆ.

ಮನೆಯಿಂದ ಒಬ್ಬಳನ್ನು ಹೊರಗೆ ಹಾಕಿ, ಅವಳಿಲ್ಲದೆ ಒಲೆ ಉರಿಯುತ್ತದೋ ಇಲ್ಲವೋ ಅಂತ ಕಿಟಕಿಯಿಂದ ನೋಡುವ ಆಟ ಇದು. ಅವಳಿಗೆ ಮಾತ್ರ ಹೇಳುವುದಿಲ್ಲ. ಅವಳು ಹೊರಗೆ ಕೂತು, ಒಳಗಿದ್ದೇನೆ ಅಂದುಕೊಂಡು ಸೌದೆ ಒಡೆಯುತ್ತಿರುತ್ತಾಳೆ.

ಆ ಉಪಗ್ರಹವನ್ನೂ ಒಂದು ತಿಂಗಳು ತೆಗೆದು ನೋಡಿದಿರಾ? ಅಥವಾ ಅವಳಿಗೆ ಆ ಮರ್ಯಾದೆ ಇಲ್ಲವಾ?

ಹೊಳೆ ದಾಟಿದ ಮೇಲೆ ಅಂಬಿಗ ಯಾಕೆ ಬೇಕು. ನೀನು ಹೊಳೆ ದಾಟಿ ಬಹಳ ದಿನವಾಯಿತು.

ಫಲಿತಾಂಶ ಏನು? ಒಂದೇ ಸಾಲಿನಲ್ಲಿ ಬರೆ. ಬಾಣ, ಚಿತ್ರ, ಲೆಕ್ಕ ಏನೂ ಬೇಡ.

ಅಕ್ಕ


ಏಪ್ರಿಲ್ ೨೨

ಒಂದು ಸಾಲು ಬರೆಯಲು ಒಂದು ತಿಂಗಳು ಸಾಲದಾಯಿತಾ? ನಿನ್ನ ಭಾವ ಅಂಚೆಯವನನ್ನು ದಿನಾ ಗೇಟಿನಲ್ಲೇ ಹಿಡಿದು ಕೇಳುತ್ತಿದ್ದಾರೆ. ನಾನು ಕೇಳುವುದಿಲ್ಲ. ಕಿಟಕಿಯಿಂದ ನೋಡುತ್ತೇನೆ ಅಷ್ಟೆ.

ನಿನ್ನ ಫೋಟೋ ಕಪಾಟಿನಿಂದ ಕಿತ್ತೆ. ಅಂಟು ಬಿಡಲಿಲ್ಲ, ಅರ್ಧ ಮುಖ ಅಲ್ಲೇ ಉಳಿದಿದೆ. ಮೂಗಿನ ಅರ್ಧ.

ಅಕ್ಕ


ಮೇ ೫

ಅಕ್ಕಾ,

ಒಂದೇ ಸಾಲು: ನಿನ್ನ ಸಂಜೆಯ ಬಲೂನು ತೆಗೆದರೆ ನಿಮ್ಮ ಊರಿನ ಸುತ್ತ ಕೆಳಗಾಳಿಯ ಮುನ್ಸೂಚನೆ ಕೂದಲೆಳೆಯಷ್ಟು ಕೆಡುತ್ತದೆ, ಬೇರೆಲ್ಲಿಯೂ ಏನೂ ಆಗುವುದಿಲ್ಲ.

ಉಪಗ್ರಹವನ್ನೂ ತೆಗೆದು ನೋಡಿದೆವು. ಸಮುದ್ರದ ಮೇಲೆಲ್ಲ ಲೆಕ್ಕ ದಿಕ್ಕೆಟ್ಟುಹೋಯಿತು. ಅವಳಿಗೂ ಆ ಮರ್ಯಾದೆ ಕೊಟ್ಟಿದ್ದೇವೆ.

ಇಷ್ಟನ್ನು ಬರೆಯಲು ತಿಂಗಳು ಬೇಕಿರಲಿಲ್ಲ. ಬೇಕಾಗಿದ್ದು ಮುಂದಿನದಕ್ಕೆ.

ಯಾವ ಊರುಗಳ ಬಲೂನು ತೆಗೆಯಬೇಕು ಅಂತ ಆರಿಸಿದವಳು ನಾನು. ನಿಮ್ಮ ಊರಿನ ಬದಲು ಪಕ್ಕದ ಊರನ್ನು ಆರಿಸಬಹುದಿತ್ತು, ಯಾರೂ ಕೇಳುತ್ತಿರಲಿಲ್ಲ. "ನಿಮ್ಮಕ್ಕ ಇರೋ ಜಾಗ ಅಲ್ವಾ, ಬಿಡಿ ಮೇಡಂ" ಅಂತ ನನ್ನ ಕೈಕೆಳಗಿನವನೇ ಹೇಳಿದ. ನಾನು ಬಿಡಲಿಲ್ಲ. ನ್ಯಾಯ ಎಲ್ಲರಿಗೂ ಒಂದೇ ಅಂತ ಅವನಿಗೆ ಭಾಷಣ ಮಾಡಿದೆ. ಆ ಅಂಕಿ ಪರದೆಯ ಮೇಲೆ ಬಂದಾಗ ನನಗೆ ಖುಷಿಯಾಯಿತು ಅಕ್ಕಾ. ಹೊಟ್ಟೆ ತಣ್ಣಗಾಯಿತು. ಮುಖ ತೊಳೆದುಕೊಂಡು ಬಂದೆ, ಆದರೂ ಖುಷಿ ಹೋಗಿರಲಿಲ್ಲ.

ನೀನು ಶಾಲೆ ಬಿಟ್ಟಿದ್ದು ನನ್ನನ್ನು ಓದಿಸಲು ಅಂತ ಅಮ್ಮ ಕಂಡವರಿಗೆಲ್ಲ ಹೇಳುತ್ತಿದ್ದಳು. ನೀನು ಬಿಟ್ಟಿದ್ದು ಮೇಷ್ಟ್ರ ಕೊಡೆ ಮುರಿದದ್ದಕ್ಕೆ ಅಂತ ನಮ್ಮಿಬ್ಬರಿಗೂ ಗೊತ್ತು. ಮಾರನೆಯ ದಿನದಿಂದ ಅಪ್ಪ ನಿನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ತಾನು ಬಲೂನಿನ ಕೆಲಸ ಮಾಡುತ್ತಿದ್ದ ಅದೇ ಶೆಡ್ಡಿಗೆ ಕರೆದುಕೊಂಡು ಹೋದ. ನಾನು ತಂತಿಬೇಲಿಯ ಆಚೆ ನಿಲ್ಲಬೇಕಿತ್ತು. "ಗ್ಯಾಸಿದೆ, ನೀ ಬರ್ಬೇಡ. ಹೋಗು, ಓದ್ಕೋ ಹೋಗು" ಅನ್ನುತ್ತಿದ್ದ. ನೀನು ಬಲೂನು ಬಿಡುತ್ತಿದ್ದೆ. ಅಪ್ಪ ಬಲೂನು ನೋಡದೆ ನಿನ್ನ ಮುಖ ನೋಡುತ್ತಿದ್ದ. ನಾನು ಕಂಬಿ ಹಿಡಿದು ಅವನ ಮುಖ ನೋಡುತ್ತಿದ್ದೆ. ಪ್ರತಿ ತರಗತಿಯಲ್ಲೂ ಮೊದಲು ಬಂದೆ. ಅಂಕಪಟ್ಟಿಗೆ ಸಹಿ ಹಾಕುವಾಗ ಅಪ್ಪನಿಗೆ ಆ ಮುಖ ಒಂದು ದಿನವೂ ಬರಲಿಲ್ಲ.

ನಿನಗೆ ಉಪಗ್ರಹದ ಮೇಲೆ ಹೊಟ್ಟೆಕಿಚ್ಚು ಅಂದರೆ ನಗು ಬರುತ್ತದೆ. ನನ್ನದರ ಮುಂದೆ ನಿನ್ನದು ಯಾವ ಲೆಕ್ಕ?

ಸಂಜೆಯ ಬಲೂನು ಜೂನ್ ಕೊನೆಗೆ ನಿಲ್ಲುತ್ತದೆ. ಸಮಿತಿ ಒಪ್ಪಿದೆ, ನನ್ನ ಸಹಿಯೂ ಇದೆ. ಕೊನೆಯ ದಿನ ನಾನು ಬರಲಾ? ಅವತ್ತಿನದನ್ನು ನನ್ನ ಕೈಯಿಂದ ಬಿಡಿಸುತ್ತೀಯಾ?

ಸಣ್ಣಿ


ಜೂನ್ ೧೪

ಸಣ್ಣೀ,

ಇಲ್ಲ.

ನೀನು ಬೇಲಿ ಹಿಡಿದು ನಿಂತಿದ್ದು ನನಗೆ ಗೊತ್ತಿತ್ತು. ನೋಡಲಿ ಅಂತಲೇ ಬಲೂನನ್ನು ಸ್ವಲ್ಪ ಹೊತ್ತು ಹೆಚ್ಚಿಗೆ ಹಿಡಿದುಕೊಂಡು ನಿಲ್ಲುತ್ತಿದ್ದೆ. ನಿನಗೆ ಶಾಲೆಯಲ್ಲಿ ಬಹುಮಾನದ ತಟ್ಟೆ ಸಿಗುತ್ತಿತ್ತು, ಅಮ್ಮ ಅದನ್ನು ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಇಡುತ್ತಿದ್ದಳು. ನನಗೆ ಅಪ್ಪನ ಮುಖ ಒಂದೇ ಸಿಕ್ಕಿದ್ದು. ಅದನ್ನೂ ಅರ್ಧ ಮಾಡಿ ನಿನಗೆ ಕೊಡಲಾ? ಕೊಡುವುದಿಲ್ಲ.

ಸಂಜೆಯದನ್ನು ನಿಲ್ಲಿಸಿದ್ದು ನಿನ್ನ ಕೈ. ಬಿಡುವುದು ನನ್ನ ಕೈ. ಎರಡೂ ನಿನ್ನದೇ ಆಗಬೇಕು ಅಂದರೆ ಹೇಗೆ?

ಬರಬೇಡ.

ಅಕ್ಕ


ಜುಲೈ ೪

ಅಕ್ಕಾ,

ಬರಲಿಲ್ಲ. ನೀನು ಬೇಡ ಅಂದೆ, ಬರಲಿಲ್ಲ. ಆ ಸಂಜೆ ಕಚೇರಿಯಲ್ಲಿ ಎಲ್ಲರೂ ಹೋದ ಮೇಲೂ ಕೂತು ನಿನ್ನ ವರದಿಗೆ ಕಾದೆ. ಬಂತು. ಅಂಕಿ ಒಂದೂ ಇಲ್ಲ. "ಮೋಡದಿಂದಾಗಿ ಬಲೂನು ಕಾಣಲಿಲ್ಲ" ಅಂತ ಒಂದು ಸಾಲು.

ಆ ಹೊತ್ತಿನ ಉಪಗ್ರಹದ ಚಿತ್ರ ತೆಗೆದು ನೋಡಿದೆ. ಅದರ ಹಿಂದಿನದು ನೋಡಿದೆ, ಮುಂದಿನದು ನೋಡಿದೆ. ನಿಮ್ಮ ಊರಿನ ಮೇಲೆ ಹತ್ತಿಯ ಎಳೆಯಷ್ಟು ಮೋಡವೂ ಇರಲಿಲ್ಲ. ಒರೆಸಿಟ್ಟ ಹಲಗೆಯ ಹಾಗಿತ್ತು. ಬೇರೆ ಯಾರಿಗಾದರೂ ಈ ಸುಳ್ಳು ಹೇಳಬಹುದಿತ್ತು. ಮೋಡ ನೋಡುವುದನ್ನೇ ಕಸುಬು ಮಾಡಿಕೊಂಡವಳಿಗೆ ಹೇಳಿದೆಯಲ್ಲೇ!

ಸುಳ್ಳು ವರದಿಗೆ ತಪ್ಪು ಅಂತ ಗುರುತು ಹಾಕಬೇಕಾದವಳು ನಾನೇ. ಹಾಕಿದೆ. ನಿಮ್ಮ ಸಾಹೇಬರಿಗೆ ಒಂದು ಪತ್ರ ಬರುತ್ತದೆ, ಬೈಸಿಕೊ.

ಮೋಡ ಇಲ್ಲದ ಕಡೆ ನಮಗೆ ಬಾಣ ಸಿಗುವುದಿಲ್ಲ. ಸುತ್ತಲೂ ಬಾಣ, ನಿಮ್ಮ ಊರಿನ ಮೇಲೆ ಮಾತ್ರ ಖಾಲಿ. ಮಾಡೆಲ್ಲು ಅಕ್ಕಪಕ್ಕದ ಗಾಳಿ ಇಟ್ಟುಕೊಂಡು ಆ ಖಾಲಿಯನ್ನು ತುಂಬಿಕೊಂಡಿತು. ಮಾರನೆಯ ದಿನದ ಮುನ್ಸೂಚನೆ ಸರಿಯಾಗಿಯೇ ಬಂತು. ನಿನ್ನ ಅಂಕಿ ಅದಕ್ಕೆ ಬೇಕಾಗಲಿಲ್ಲ. ಬೇಕಿತ್ತು ಅಂತ ಬರೆದು ನಾನು ನಿನ್ನನ್ನು ಸಮಾಧಾನ ಮಾಡುವುದಿಲ್ಲ.

ನೀನು ಅವತ್ತು ಬಲೂನನ್ನು ಕಂಡಿದ್ದೀಯ. ಕೊನೆಯವರೆಗೂ ಕಂಡಿದ್ದೀಯ. ಗಾಳಿ ಎತ್ತ ಕಡೆಗಿತ್ತು ಅಕ್ಕಾ? ಮುನ್ಸೂಚನೆಗೆ ಬೇಡ. ನನಗೆ ಬೇಕು.

ಸಣ್ಣಿ


ಜುಲೈ ೧೭

ಸಣ್ಣೀ,

ಪತ್ರ ಬಂತು. ಸಾಹೇಬರು ಕೂರಿಸಿ ಬೈದರು. ಬೈದು ಮುಗಿಸಿ ಅವರೇ ಟೀ ತರಿಸಿದರು. ಗುರುತು ಹಾಕಿದ್ದು ಸರಿ. ಹಾಕದೆ ಬಿಟ್ಟಿದ್ದರೆ, ಇವಳೆಂಥ ಕೆಲಸಗಾರ್ತಿ ಅಂತ ನಾನೇ ಬೈಯುತ್ತಿದ್ದೆ.

ಮೋಡ ಅಂತ ಬರೆದಾಗ ಸಿಲಿಂಡರಣ್ಣ ಒಂದು ಸಲ ಆಕಾಶ ನೋಡಿದ, ಒಂದು ಸಲ ನನ್ನನ್ನು ನೋಡಿದ. "ಎಲ್ಲಮ್ಮಾ ಮೋಡ?" ಅಂದ. "ನಿನ್ ಕಣ್ಣಲ್ಲಿ" ಅಂದೆ. ಹೌದಲ್ಲ ಅಂತ ಕಣ್ಣು ಒರೆಸಿಕೊಂಡ. ಮೇಲೆ ಕೂತ ಉಪಗ್ರಹದಮ್ಮ ನೋಡುತ್ತಿರುತ್ತಾಳೆ ಅಂತ ನನಗೆ ಹೊಳೆಯಲೇ ಇಲ್ಲ. ಅವಳ ಹೆಸರೆತ್ತಿ ಬೈದದ್ದು ಎಷ್ಟು ಸಲ, ಆ ಹೊತ್ತಿಗೆ ಮಾತ್ರ ಮರೆತೆ.

ಅವತ್ತು ಬಲೂನು ನನ್ನ ಆಯುಷ್ಯದಲ್ಲಿ ಯಾವತ್ತೂ ಇಲ್ಲದಷ್ಟು ಹೊತ್ತು ಕಂಡಿತು. ಸಿಲಿಂಡರಣ್ಣ "ಹೇಳಮ್ಮಾ, ಹೇಳಮ್ಮಾ" ಅಂತ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡ. ನಾನು ಒಂದು ಅಂಕಿಯನ್ನೂ ಬಾಯಿ ಬಿಟ್ಟು ಹೇಳಲಿಲ್ಲ. ಮೊದಲು ಒಂದು ಕಡೆ ಹೋಯಿತು. ಒಂದು ಎತ್ತರಕ್ಕೆ ಹೋದ ಮೇಲೆ ನಿಂತ ಹಾಗೆ ಮಾಡಿ, ಹಾಗೇ ಹೊರಳಿ ಇನ್ನೊಂದು ಕಡೆ ಹೊರಟಿತು. ಅಂಥದ್ದು ಅಪರೂಪ. ಸಾಸಿವೆಯಷ್ಟಾಯಿತು, ಆಮೇಲೆ ಸಾಸಿವೆಯೂ ಇಲ್ಲ. ಎತ್ತ ಕಡೆಯಿಂದ ಎತ್ತ ಕಡೆಗೆ ಅಂತ ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷ ನನ್ನ ಕಣ್ಣಿಗೆ ಸಿಕ್ಕ ಗಾಳಿಯನ್ನೆಲ್ಲ ಹೊರಗಿನವರಿಗೆ ಕೊಟ್ಟಿದ್ದೇನೆ. ಇದೊಂದು ನನ್ನ ಹತ್ತಿರ ಇರಲಿ ಅನ್ನಿಸಿತು.

ನೀನು ಕೊನೆಗೆ ಬರೆದ ಸಾಲು ಓದಿದೆ. ಎಂದಿನ ಹಾಗೆ ನಿನ್ನ ಭಾವ "ಏನು ಬರೆದಿದಾಳೆ?" ಅಂತ ಬಂದರು. ಕಾಗದ ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡೆ. "ಅದರಲ್ಲೇನಿದೆ ಅಷ್ಟು ಬಚ್ಚಿಡೋಕೆ?" ಅಂದರು. "ನನ್ ತಂಗಿ ನಂಗೆ ಬರ್ದಿದ್ದು" ಅಂದೆ.

ರಜೆ ಹಾಕಿ ಬಾ. ಹೇಳುತ್ತೇನೆ ಅಂತ ಮಾತು ಕೊಡುವುದಿಲ್ಲ. ಬಾ.

ಅಕ್ಕ